[ಪದಚರ್ಚೆ] ‘ಹೋಮ್ ರೆಮಿಡಿ’ಗೆ ಮನೆಮದ್ದು ಅಂದ್ರೆ ಸರಿಯೇ? ಅರಿಶಿನದ ಬೋರ್ಡಿಗೆ ತುರ್ತಾಗಿ ಬೇಕು

ಬೇಲೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘದವರು ಈ ಸಲ ಅರಿಶಿನ ಮಾರಾಟಕ್ಕೆ ಇಡುತ್ತಿದ್ದೇವೆ. ಬೇಯಿಸಿ ಒಣಗಿಸಿದ ಕೊಂಬು, ಜೊತೆಗೆ ಮಿಲ್ಲಿನಲ್ಲಿ ಮಾಡಿಸಿದ ಪುಡಿ. ಮಳಿಗೆಗೆ ಒಂದು ಬೋರ್ಡ್ ಬೇಕು. ಹಾಸನದ ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಮ್ಯಾಟರ್ ಕಳಿಸಿ, ಇಲ್ಲ ಅಂದ್ರೆ ಸೋಮವಾರವೇ ಅಂದಿದ್ದಾರೆ. ಸಂತೆ ಇರೋದು ಭಾನುವಾರ.

ಬೆಂಗಳೂರಿನಲ್ಲಿರುವ ಮೈದುನ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಟ್ಟಿದ್ದಾನೆ: ‘ಟರ್ಮರಿಕ್, ಎ ಹೋಮ್ ರೆಮಿಡಿ ಫಾರ್ ಎವೆರಿಡೇ ಏಲ್ಮೆಂಟ್ಸ್. ನ್ಯಾಚುರಲ್ ಆಂಟಿಸೆಪ್ಟಿಕ್.’ ಫೋನಿನಲ್ಲಿ ಅನುವಾದಕ್ಕೆ ಹಾಕಿದರೆ ‘ದೈನಂದಿನ ಕಾಯಿಲೆಗಳಿಗೆ ಮನೆ ಪರಿಹಾರ’ ಅಂತ ಬಂತು. ಮನೆ ಪರಿಹಾರ ಅಂದ್ರೆ ನಮ್ಮ ಕಡೆ ಮಳೆಗೆ ಗೋಡೆ ಬಿದ್ದವರಿಗೆ ತಾಲ್ಲೂಕು ಆಫೀಸಿನಿಂದ ಬರೋ ದುಡ್ಡು. ‘ದೈನಂದಿನ ಕಾಯಿಲೆ’ ಅನ್ನೋದೂ ದಿನಾ ಮಲಗಿರೋರ ಮನೆ ಥರ ಕೇಳಿಸುತ್ತೆ.

ಸೀದಾ ‘ಮನೆಮದ್ದು’ ಅಂತ ಹಾಕೋಣ ಅಂದ್ರೆ ಅತ್ತೆ ಬೇಡವೇ ಬೇಡ ಅಂತಿದ್ದಾರೆ. ‘ಮದ್ದು ಅಂತ ಬರೆದು ತಿನ್ನೋ ಪದಾರ್ಥ ಇಟ್ಟರೆ ಯಾರಮ್ಮ ಮುಟ್ತಾರೆ?’ ಅನ್ನೋದು ಅವರ ವಾದ. ಬೇರೆ ಪದ ಇದೆಯೇ? ಆಂಟಿಸೆಪ್ಟಿಕ್‌ಗೂ ಒಂದು ಪದ ಕೊಡಿ. ದಯವಿಟ್ಟು ಬೇಗ.

ಮೂಡಿಗೆರೆಯಿಂದ:

ಮನೆಮದ್ದು. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಅಲ್ಲಿ ಮದ್ದು ಅಂದ್ರೆ ಒಳ್ಳೇದೇ ತಾನೆ?

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂದರೆ ಅರಿಶಿನದ ಡಬ್ಬಿ ಅಡುಗೆಮನೆಯಲ್ಲಿ ಕೂರೋದೇ ಇಲ್ಲ. ಮೂಗು ಕಟ್ಟಿದರೆ ಕೊಂಬಿನ ತುದಿಯನ್ನು ಕೆಂಡಕ್ಕೆ ಹಿಡಿದು, ಉರಿ ಆರಿಸಿ, ಆ ಹೊಗೆ ಎಳೆದುಕೊಳ್ಳುತ್ತೇವೆ. ಕಣ್ಣಲ್ಲಿ ನೀರು ಬರುತ್ತೆ, ಮೂಗು ಬಿಡುತ್ತೆ. ತೋಟದಲ್ಲಿ ಜಿಗಣೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಅದಕ್ಕೆ ಒಂದು ಚಿಟಿಕೆ ಪುಡಿ ಒತ್ತುತ್ತೇವೆ. ಕಾಲು ಉಳುಕಿದರೆ ಅರಿಶಿನ, ಸುಣ್ಣ ಕಲಸಿ ಬಿಸಿ ಮಾಡಿ ಪಟ್ಟು ಹಾಕುತ್ತೇವೆ. ಕಲಸುತ್ತಿದ್ದ ಹಾಗೇ ಹಳದಿ ಹೋಗಿ ಕೆಂಪಾಗುತ್ತೆ, ಆರತಿ ತಟ್ಟೆಯ ಓಕುಳಿಯ ಥರ. ಇದನ್ನೆಲ್ಲ ನಾವು ಮನೆಮದ್ದು ಅಂತಲೇ ಕರೆಯೋದು. ಯಾರೂ ಹೆದರಿ ಓಡಿಲ್ಲ.

ಅರಸೀಕೆರೆಯಿಂದ:

ತಾಯಿ, ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಮೂಡಿಗೆರೆಯವರು ಘಟ್ಟದ ಅಂಚಿನಲ್ಲಿ ಕೂತು ಇಡೀ ಜಿಲ್ಲೆಗೆ ತೀರ್ಪು ಕೊಡಬಾರದು. ನಮ್ಮ ಬಯಲುಸೀಮೆಯಲ್ಲಿ ಬರೀ ‘ಮದ್ದು’ ಅಂದ್ರೆ ಮೊದಲು ನೆನಪಾಗೋದು ಕೈಮದ್ದು. ಆಗದವರು ಊಟದಲ್ಲಿ ಸೇರಿಸಿ ತಿನ್ನಿಸುತ್ತಾರೆ ಅನ್ನೋ ನಂಬಿಕೆ. ಹೊಟ್ಟೆನೋವು ತಿಂಗಳುಗಟ್ಟಲೆ ಬಿಡದಿದ್ದರೆ ‘ಯಾರೋ ಮದ್ದು ಹಾಕಿದ್ದಾರೆ, ತೆಗೆಸಬೇಕು’ ಅಂತ ವಾಂತಿ ಮಾಡಿಸುವವರ ಹತ್ತಿರ ಕರೆದೊಯ್ಯುವುದು ಇವತ್ತಿಗೂ ಉಂಟು. ಪಟಾಕಿಯೊಳಗೆ ತುಂಬುವುದೂ ಮದ್ದು, ಬಂದೂಕಿಗೆ ಹಾಕುವುದೂ ಮದ್ದು.

ಆದರೆ ಸಮಾಸವಾದಾಗ ಅರ್ಥ ಕಟ್ಟುಬೀಳುತ್ತದೆ. ‘ಮನೆಮದ್ದು’ ಅಂದಾಗ ಕೈಮದ್ದು ಯಾರಿಗೂ ನೆನಪಾಗುವುದಿಲ್ಲ. ಹಾಗಾಗಿ ಪದ ಸರಿ. ಒಂದೇ ಪದವಾಗಿ ಬರೆಯಿರಿ. ಬಿಡಿಸಿ ‘ಮನೆ ಮದ್ದು’ ಅಂತ ಎರಡು ಸಾಲಿಗೆ ಹಾಕಿದರೆ, ಕೆಳಗಿನ ಸಾಲಿನಲ್ಲಿ ‘ಮದ್ದು’ ಒಂದೇ ದೊಡ್ಡದಾಗಿ ಕಾಣುತ್ತದೆ. ಆಗ ನಿಮ್ಮ ಅತ್ತೆ ಹೇಳಿದ್ದೇ ಆಗುತ್ತೆ. ಫ್ಲೆಕ್ಸಿನವರಿಗೆ ಇದನ್ನು ಒತ್ತಿ ಹೇಳಿ.

ಇನ್ನೆರಡು ಮಾತು. ಬೋರ್ಡಿನಲ್ಲಿ ಎಲ್ಲಾದರೂ ‘ಔಷಧಿ’ ಅಂತ ಬರೆದೀರಿ ಜೋಕೆ. ಸರಿಯಾದ ರೂಪ ಔಷಧ. ಓಷಧಿ ಅಂದ್ರೆ ಗಿಡಮೂಲಿಕೆ, ಅದರಿಂದ ಆದದ್ದು ಔಷಧ. ‘ಔಷಧಿ’ ಎರಡರ ಕಲಬೆರಕೆ. ಹಾಗೆಯೇ ‘ಅರಿಸಿನ’ ಅಂತ ಹಾಕಿ. ಶಕಾರ ಅಲ್ಲಿಗೆ ಹೇಗೆ ಬಂತೋ!

ಕಡೂರಿನಿಂದ:

ಅರಸೀಕೆರೆ ಮೇಷ್ಟ್ರ ಔಷಧದ ಮಾತು ನೂರಕ್ಕೆ ನೂರು ಸರಿ. ಉಳಿದದ್ದು ಅಲ್ಲ. ‘ಮದ್ದು’ ಸಂಸ್ಕೃತದ ‘ಮದ’ದಿಂದ ಬಂದದ್ದು. ಅಮಲು ಅನ್ನೋ ಅರ್ಥ ಅದರಲ್ಲೇ ಇದೆ. ಅದಕ್ಕೇ ಜನ ಹೆದರೋದು. ಅರಿಶಿನವೂ ‘ಹರಿದ್ರಾ’ದ ತದ್ಭವ. ಹಿಂದಿಯ ಹಲ್ದಿ ಹೇಗೆ ಬಂತೋ ಹಾಗೆ.

ಬೋರ್ಡಿಗೆ ಗಂಭೀರವಾದ ಪದ ಬೇಕು. ಹೋಮ್ ರೆಮಿಡಿಗೆ ‘ಗೃಹವೈದ್ಯ’, ಆಂಟಿಸೆಪ್ಟಿಕ್‌ಗೆ ‘ಪೂತಿನಾಶಕ’. ನಿಘಂಟಿನಲ್ಲೇ ಇದೆ, ಹೊಸದಾಗಿ ಹುಟ್ಟಿಸುವ ಕಷ್ಟ ಇಲ್ಲ.

ಅರಸೀಕೆರೆಯಿಂದ:

ಮದದಿಂದ ಮದ್ದು! ಹಾಗಾದರೆ ಮುದದಿಂದ ಮುದ್ದೆಯೋ?

ಹಳಗನ್ನಡದಲ್ಲಿ ‘ಮರ್ದು’ ಎಂದೇ ಇದೆ. ಇರ್ದು ಹೋಗಿ ಇದ್ದು ಆದ ಹಾಗೆ ಮರ್ದು ಹೋಗಿ ಮದ್ದು. ತಮಿಳಿನಲ್ಲಿ ಮರುಂದು, ಮಲಯಾಳದಲ್ಲಿ ಮರುನ್ನು, ತೆಲುಗಿನಲ್ಲಿ ಮಂದು. ನಾಲ್ಕು ಭಾಷೆಯಲ್ಲಿ ಎದುರಿಗೇ ನಿಂತಿರುವುದನ್ನು ಬಿಟ್ಟು ಮದಕ್ಕೆ ಯಾಕೆ ಹೋಗಬೇಕು?

ಹಲ್ದಿ ಹರಿದ್ರಾದಿಂದ ಬಂತು, ಒಪ್ಪಿದೆ. ಅರಿಸಿನ ಬಂತು ಅನ್ನೋದಕ್ಕೆ ಆಧಾರ? ಆದಿಯ ಹಕಾರ ಬಿತ್ತು ಅಂತಲೇ ಇಟ್ಟುಕೊಳ್ಳಿ. ‘ದ್ರಾ’ ಹೋಗಿ ‘ಸಿನ’ ಆದದ್ದು ಯಾವ ಸೂತ್ರದಲ್ಲಿ? ತೋರಿಸಿ, ಆಮೇಲೆ ಮಾತಾಡೋಣ.

ಚಿಕ್ಕಮಗಳೂರಿನಿಂದ:

ಪೂತಿನಾಶಕ ಅಂತ ಓದಿದವರು ಪುದೀನ ಕೇಳ್ತಾರೆ. ಕನ್ನಡದಲ್ಲಿ ‘ನಂಜು’ ಅನ್ನೋ ಚೆಂದದ ಪದ ಇದೆ. ಗಾಯ ಕೀವಾದರೆ ನಂಜಾಯ್ತು ಅಂತಲೇ ಎಲ್ಲರೂ ಅನ್ನೋದು. ಆಂಟಿಸೆಪ್ಟಿಕ್‌ಗೆ ‘ನಂಜಳಿಕ’. ಅರ್ತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಬೋರ್ಡ್ ಕನ್ನಡದಲ್ಲಿರಬೇಕು ಅಂತ ಕಾಯ್ದೆಯನ್ನೇ ಮಾಡಿದ್ದಾರೆ. 2024ರ ತಿದ್ದುಪಡಿ ಪ್ರಕಾರ ನಾಮಫಲಕದ ನೂರಕ್ಕೆ 60 ಪಾಲು ಕನ್ನಡ, ಅದೂ ಮೇಲುಗಡೆ. ಆ 60 ಪಾಲಿನಲ್ಲಿ ಗೃಹವೈದ್ಯ, ಪೂತಿನಾಶಕ ತುಂಬಿಸಿದರೆ ಅದು ನಮ್ಮ ಬಾಶೆಯೇ? ಇಂಗ್ಲಿಷಿನ ಸಾಲ ಬೇಡ ಅಂತ ಸಂಸ್ಕೃತದ ಸಾಲ ತರೋದಾದರೆ ಲಾಬ ಏನು?

ಕಡೂರಿನಿಂದ:

ಮೊದಲು ‘ಭಾಷೆ’ ಅಂತ ಬರೆಯೋದು ಕಲಿಯಿರಿ.

ಚಿಕ್ಕಮಗಳೂರಿನಿಂದ:

ನಾನು ಉಲಿಯುವ ಹಾಗೆ ಬರೆಯುತ್ತೇನೆ. ಉಸಿರು ಬಿಗಿಹಿಡಿದು ‘ಭಾ’ ಅನ್ನುವವರನ್ನು ನಮ್ಮ ಸಂತೆಯಲ್ಲಂತೂ ಕಂಡಿಲ್ಲ.

ಮೂಡಿಗೆರೆಯಿಂದ:

ಚಿಕ್ಕಮಗಳೂರಿನಲ್ಲಿ ಕೂತು ಸಾಲದ ಪದ ಬೇಡ ಅಂತೀರಲ್ಲ, ಬೆಳಿಗ್ಗೆ ಎದ್ದು ಏನು ಕುಡಿದಿರಿ? ಕಾಫಿ ಅನ್ನೋ ಪದ ಅರಬ್ಬಿಯ ‘ಕಹ್ವಾ’ದಿಂದ ಊರೂರು ಸುತ್ತಿ ಬಂದದ್ದು. ನಮ್ಮ ತೋಟದಲ್ಲಿ ಎಸ್ಟೇಟ್, ರೈಟರ್, ಪಾರ್ಚ್‌ಮೆಂಟ್, ಚೆರಿ, ಬೋರ್ಡೋ ಇವಿಲ್ಲದೆ ಒಂದು ದಿನ ನಡೆಯಲ್ಲ. ಕೆಲಸಕ್ಕೆ ಬರೋರಿಗೆ ಯಾರಿಗೂ ಇವು ಇಂಗ್ಲಿಷ್ ಅಂತ ಅನ್ನಿಸೋದೂ ಇಲ್ಲ. ಆಂಟಿಸೆಪ್ಟಿಕ್ ಕೂಡ ಹಾಗೇ ಬಿಡಿ. ಮೆಡಿಕಲ್ ಶಾಪಿನಲ್ಲಿ ನಂಜಳಿಕ ಕೊಡಿ ಅಂತ ಒಂದ್ಸಲ ಕೇಳಿ ನೋಡಿ.

ಇನ್ನು ನಂಜು. ಗಾಯ ಇದ್ದವರಿಗೆ, ಬಾಣಂತಿಯರಿಗೆ ಬದನೆಕಾಯಿ ಕೊಡಬೇಡಿ, ನಂಜು ಅಂತೀವಿ. ತಿಂದರೆ ಮೈ ಕಡಿಯೋದು, ಹುಣ್ಣು ಹೆಚ್ಚೋದು ಆ ನಂಜು. ಹಾವಿನದೂ ನಂಜು. ವಿಷ ಕುಡಿದ ಶಿವ ನಂಜುಂಡ. ಮೂರೂ ಬೇರೆ ಬೇರೆ. ಬೋರ್ಡಿನಲ್ಲಿ ನಂಜಳಿಕ ಅಂತ ಹಾಕಿದರೆ, ಹಾವು ಕಚ್ಚಿದವರನ್ನು ಬೇಲೂರಿನ ಮಳಿಗೆಗೆ ಹೊತ್ತು ತಂದಾರು.

ಸಕಲೇಶಪುರದಿಂದ:

ಮೆಡಿಕಲ್ ಶಾಪಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಔಷಧ ಅಂಗಡಿ ಇಟ್ಟವನು. ನಂಜಳಿಕವನ್ನೂ ಪೂತಿನಾಶಕವನ್ನೂ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ‘ಗಾಯಕ್ಕೆ ಹಚ್ಚೋದು ಕೊಡಿ’ ಅಂತಾರೆ, ಅಷ್ಟೇ.

ಪದದ ಜಗಳದಲ್ಲಿ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ. ಮೇಡಂ, ನೀವು ಮಾರುತ್ತಿರೋದು ಆಹಾರ ಪದಾರ್ಥ. ಅದರ ಮೇಲೆ ಕಾಯಿಲೆ ವಾಸಿ ಮಾಡುತ್ತೆ ಅಂತ ಬರೆಯಬೇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಅಂತೆಲ್ಲ ಯಾರಾದರೂ ಸೇರಿಸಲು ಹೇಳಿದರೆ ಕೇಳಲೇಬೇಡಿ. ಅದಕ್ಕೆ 1954ರ ಇನ್ನೊಂದು ಕಾಯ್ದೆಯೇ ಇದೆ. ಹಾಗಾಗಿ ‘ಏಲ್ಮೆಂಟ್ಸ್’ಗೆ ಕಾಯಿಲೆಯೋ ರೋಗವೋ ಬೇನೆಯೋ ಅಂತ ಹುಡುಕೋದೇ ಬೇಡ. ಆ ಪದವನ್ನೇ ಎತ್ತಿಬಿಡಿ. ಆಂಟಿಸೆಪ್ಟಿಕ್ಕನ್ನೂ ಎತ್ತಿಬಿಡಿ.

ಮೂಡಿಗೆರೆಯವರೇ, ಜಿಗಣೆ ಕಚ್ಚಿದ ಜಾಗಕ್ಕೆ ಅಂಗಡಿ ಪುಡಿ ಒತ್ತಬೇಡಿ. ಹಳದಿ ಎದ್ದು ಕಾಣಲಿ ಅಂತ ಸೀಸದ ಕ್ರೋಮೇಟ್, ಮೆಟಾನಿಲ್ ಯೆಲ್ಲೋ ಅನ್ನೋ ವಿಷದ ಬಣ್ಣ ಬೆರೆಸೋರು ಇದ್ದಾರೆ. ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಹೊಟ್ಟೆಗೆ ತಗೊಳ್ಳೋದಾದರೆ ಅಜ್ಜಿಯರ ಲೆಕ್ಕ ತಪ್ಪಿಲ್ಲ. ಅರಿಶಿನದ ಹಾಲಿಗೆ ಕಾಳುಮೆಣಸು ಕುಟ್ಟಿ ಹಾಕುತ್ತಿದ್ದರಲ್ಲ, 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಅದನ್ನೇ ಬೇರೆ ದಾರಿಯಲ್ಲಿ ನೋಡಿದರು. ಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆಗಿದ್ದಾಗ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಸುಮಾರು 20 ಪಟ್ಟು ಜಾಸ್ತಿ ರಕ್ತಕ್ಕೆ ಸೇರಿತು. ಬರೀ ಅರಿಶಿನದ್ದು ಹೆಚ್ಚು ಮೈಗೆ ಹತ್ತೋದಿಲ್ಲ. ಆದರೆ ಅವರು ಕೊಟ್ಟದ್ದು ಬೇರ್ಪಡಿಸಿದ ಕರ್ಕ್ಯುಮಿನ್. ನಮ್ಮ ಪುಡಿಯಲ್ಲಿ ಅದು ಇರೋದೇ ನೂರಕ್ಕೆ ಎರಡು ಮೂರು ಪಾಲು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಚಮಚಗಟ್ಟಲೆ ಅರಿಶಿನ ತಿನ್ನೋಕೆ ಮುಂಚೆ ಡಾಕ್ಟರನ್ನು ಕೇಳಬೇಕು. ಒಗ್ಗರಣೆಗೆ ಹಾಕೋದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಕಡೂರಿನಿಂದ:

ಸಂಸ್ಕೃತದ ಸಾಲ ಬೇಡ ಅನ್ನೋರಿಗೆ ಒಂದು ನೆನಪು. 1995ರಲ್ಲಿ ಗಾಯ ಮಾಯಲು ಅರಿಶಿನ ಬಳಸೋದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಿತ್ತು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ತಕರಾರು ಹಾಕಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಸಾಕ್ಷಿಯಾಗಿ ಕೊಟ್ಟದ್ದರಲ್ಲಿ ಹಳೆಯ ಸಂಸ್ಕೃತ ಗ್ರಂಥಗಳೂ ಇದ್ದವು. ನಿಮ್ಮ ನಂಜಳಿಕ ಆಗ ಎಲ್ಲಿತ್ತು?

ಚಿಕ್ಕಮಗಳೂರಿನಿಂದ:

ಅದೇ ಸಾಕ್ಷಿಗಳಲ್ಲಿ 1953ರ ವೈದ್ಯಕೀಯ ಪತ್ರಿಕೆಯ ಇಂಗ್ಲಿಷ್ ಲೇಖನವೂ ಇತ್ತು. ಅದನ್ನು ಯಾಕೆ ನುಂಗಿದಿರಿ? ಅಲ್ಲಿನ ಕಾನೂನಿಗೆ ಬೇರೆ ದೇಶದ ಬಾಯಿಮಾತು ಲೆಕ್ಕಕ್ಕೇ ಇರಲಿಲ್ಲ. ಅಚ್ಚಾದ ಬರಹ ಬೇಕಿತ್ತು. ಗೆದ್ದದ್ದು ಸಂಸ್ಕೃತ ಅಲ್ಲ, ಬರೆದಿಟ್ಟದ್ದು. ನಮ್ಮ ಅಜ್ಜಿಯರು ಹೇಳಿದ್ದನ್ನು ಕನ್ನಡದಲ್ಲಿ ಯಾರೂ ಬರೆದಿಡಲಿಲ್ಲ ಅನ್ನೋದು ನನ್ನ ಸಿಟ್ಟು. ಬರೆಯಲು ಹೊರಟರೆ ನಿಮ್ಮಂತವರು ‘ಗೃಹವೈದ್ಯ’ ಅಂತ ಹಲಗೆ ಹೊಡೆದು ಬಾಗಿಲು ಹಾಕುತ್ತೀರಿ.

ಅರಸೀಕೆರೆಯಿಂದ:

ಅಪರೂಪಕ್ಕೆ ಚಿಕ್ಕಮಗಳೂರಿನವರು ತೂಕದ ಮಾತು ಆಡಿದ್ದಾರೆ. ‘ನಿಮ್ಮಂತವರು’ ತಪ್ಪು, ನಿಮ್ಮಂಥವರು. ಆದರೂ ಮಾತು ಸರಿ. ಬರೆದಿಡುವಾಗ ಇನ್ನೊಂದನ್ನೂ ಬರೆದಿಡಿ. ಕಾಮಾಲೆಗೆ ಮಲೆನಾಡಿನ ಕಡೆ ಅರಿಸಿನಮುಂಡಿಗೆ ಅಂತಾರೆ, ನಮ್ಮಲ್ಲಿ ಅರಿಸಿನ ಕಾಮಾಲೆ. ಹೆಸರು ಬಂದದ್ದು ಕಣ್ಣು ಹಳದಿಯಾಗುವುದರಿಂದ. ಹೆಸರಿನಲ್ಲಿ ಅರಿಸಿನ ಇದೆ ಅಂತ ಅರಿಸಿನವೇ ಅದಕ್ಕೆ ಮದ್ದು ಅಂದುಕೊಂಡು ಆಸ್ಪತ್ರೆಗೆ ತಡವಾಗಿ ಹೋಗಬಾರದು.

ಬೇಲೂರಿನಿಂದ:

ಎಲ್ಲರಿಗೂ ಧನ್ಯವಾದ. ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಕಳಿಸಿಬಿಟ್ಟೆ. ಸಕಲೇಶಪುರದವರು ಹೇಳಿದ ಹಾಗೆ ಕಾಯಿಲೆ, ಆಂಟಿಸೆಪ್ಟಿಕ್ ಎರಡನ್ನೂ ಎತ್ತಿಹಾಕಿದೆ. ಆಮೇಲೆ ನೋಡಿದರೆ ಮನೆಮದ್ದಿಗೂ ಜಾಗ ಉಳಿದಿರಲಿಲ್ಲ. ಬೋರ್ಡಿನಲ್ಲಿ ಹೀಗಿದೆ:

‘ನಮ್ಮೂರ ಅರಿಶಿನ. ಅಡುಗೆಗೂ ಸೈ, ಹಾಲಿಗೂ ಸೈ, ಹೊಸಿಲಿಗೂ ಸೈ.’

‘ಹಾಲಿಗೂ ಸೈ’ ಅಂದ್ರೆ ಕೆಮ್ಮು ಇರೋರಿಗೆ ತಾನಾಗೇ ಗೊತ್ತಾಗುತ್ತೆ ಅಂತ ಅತ್ತೆಯೇ ಸೇರಿಸಿದ್ದು. ಮೈದುನನಿಗೆ ಹಿಡಿಸಿಲ್ಲ. ಪ್ರಾಡಕ್ಟಿನ ಬೆನಿಫಿಟ್ ಎಲ್ಲಿ ಅಂತ ಕೇಳುತ್ತಿದ್ದಾನೆ. ಅರಿಶಿನದಲ್ಲಿ ಶಕಾರವೇ ಇಟ್ಟಿದ್ದೇನೆ ಮೇಷ್ಟ್ರೇ, ಬೇಲೂರಿನಲ್ಲಿ ಎಲ್ಲ ಅಂಗಡಿಯವರೂ ಹಾಗೇ ಬರೆಯೋದು.

ಕಡೂರಿನಿಂದ:

ಪೂತಿನಾಶಕ ಹಾಕಿದ್ದರೆ ಈ ಪಜೀತಿ ಇರುತ್ತಿರಲಿಲ್ಲ.

ಅರಸೀಕೆರೆಯಿಂದ:

ಶಕಾರ ಹೋಗಲಿ ತಾಯಿ. ಹೊಸಿಲು ಅಂತ ಹಾಕಿದ್ದೀರಾ? ಹೊಸ್ತಿಲು ಆಗಬೇಕಲ್ಲವೇ?

ಮೂಡಿಗೆರೆಯಿಂದ:

ನಮ್ಮ ಕಡೆ ಹೊಸ್ಲು. ಮೇಷ್ಟ್ರೇ, ಇದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.