ನೆತ್ತಿ ಉರಿಯುತ್ತಿರುವಾಗ ಮಿನಾಕ್ಸಿಡಿಲ್ ಮುಂದುವರಿಸಬಹುದೇ?

ಪ್ರಶ್ನೆ (ದಾವಣಗೆರೆ): ನನಗೆ 31 ವರ್ಷ. ಬೈತಲೆ ಅಗಲವಾಗುತ್ತಿದೆ ಎಂದು ವೈದ್ಯರು ಕೂದಲು ಬೆಳೆಯಲು ತಲೆಗೆ ಹಚ್ಚುವ 5% ಮಿನಾಕ್ಸಿಡಿಲ್ ದ್ರಾವಣ ಬರೆದುಕೊಟ್ಟಿದ್ದಾರೆ. ಹಚ್ಚಿದರೆ ಉರಿ, ತುರಿಕೆ. ತಲೆಹೊಟ್ಟು ಮೊದಲಿನಿಂದಲೂ ಇದೆ. ಹರಳೆಣ್ಣೆ ಹಚ್ಚಿ ರಾತ್ರಿಯಿಡೀ ಬಿಡು ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ (ಮೈಸೂರು): ತಂಗಿ, ನನ್ನದೂ ಇದೇ ಕಥೆ. ಉರಿಯ ವಿಷಯ ಹೇಳಿದ ಕೂಡಲೇ ನಮ್ಮ ಚರ್ಮರೋಗ ತಜ್ಞರು ಮಿನಾಕ್ಸಿಡಿಲ್ ಸ್ವಲ್ಪ ಕಾಲ ನಿಲ್ಲಿಸಿ, ಮೊದಲು ಹೊಟ್ಟಿಗೆ ಚಿಕಿತ್ಸೆ ಕೊಟ್ಟರು. ಮಲಾಸೆಜಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಕೆಲವರ ಚರ್ಮ ಅದಕ್ಕೆ ಕೆರಳಿ ಕೆಂಪಾಗಿ ಪದರ ಉದುರಿಸುತ್ತದೆ. ಕೆರೆದು ಗಾಯವಾದ ಜಾಗಕ್ಕೆ ಮಿನಾಕ್ಸಿಡಿಲ್ ಬಿದ್ದರೆ ಉರಿಯುವುದಷ್ಟೇ ಅಲ್ಲ, ಅದು ಮೈಯೊಳಗೂ ಹೆಚ್ಚು ಸೇರುತ್ತದೆ. ಹೊಟ್ಟಿರುವ ತಲೆಯಲ್ಲಿ ರಾತ್ರಿಯಿಡೀ ಎಣ್ಣೆ ನಿಲ್ಲಿಸುವುದು ಬೇಡ ಎಂದು ಅಮ್ಮನಿಗೆ ಮೆಲ್ಲಗೆ ತಿಳಿಸಿ ಹೇಳು.

ನನಗೆ ಕೊಟ್ಟದ್ದು ಶಿಲೀಂಧ್ರ ತಡೆಯುವ 2% ಕೀಟೋಕೊನಜೋಲ್ ಶಾಂಪೂ, ವಾರಕ್ಕೆ ಎರಡು ಬಾರಿ. ಅದನ್ನು ಕೂದಲಿಗಲ್ಲ, ಬೆರಳ ತುದಿಯಿಂದ ಬುಡಕ್ಕೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದುಬಿಟ್ಟರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೆಲವು ವಾರಗಳಲ್ಲಿ ತುರಿಕೆ ನಿಂತಿತು. ಆಮೇಲೆ ಮಿನಾಕ್ಸಿಡಿಲ್ ಮತ್ತೆ ಶುರು, ಆದರೆ ಫೋಮ್ (ನೊರೆ) ರೂಪದಲ್ಲಿ. ದ್ರಾವಣದಲ್ಲಿ ಔಷಧಿಯನ್ನು ಕರಗಿಸಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರಿಗೆ ಒಗ್ಗುವುದಿಲ್ಲ, ಫೋಮಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ನಿನ್ನ ವೈದ್ಯರಲ್ಲಿ ಖಂಡಿತ ಕೇಳು. ಮಗುವಿನ ಯೋಚನೆಯಿದ್ದರೆ ಅದನ್ನೂ ಹೇಳು. ಗರ್ಭಿಣಿಯರಿಗೆ ಈ ಔಷಧಿ ಸಲ್ಲದು.

ಒಂದು ಮಾತು ನೇರವಾಗಿ ಹೇಳುತ್ತೇನೆ: ಹೊಟ್ಟು ಹೋದ ಮಾತ್ರಕ್ಕೆ ಬೈತಲೆ ತುಂಬುವುದಿಲ್ಲ. ವಂಶದಿಂದ ಬಂದ ತೆಳುವಾಗುವಿಕೆಗೆ ಮಿನಾಕ್ಸಿಡಿಲ್‌ನಂಥ ಔಷಧಿಯೇ ಬೇಕು, ಅದನ್ನು ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು. ನೆತ್ತಿ ಶಾಂತವಾಗಿದ್ದರಷ್ಟೇ ಅದು ಸಾಧ್ಯ. ಆರಂಭದ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು, ಗಾಬರಿಯಾಗಬೇಡ.

ಉತ್ತರ (ಶಿವಮೊಗ್ಗ): ಈಚೆಗೆ ಜ್ವರ ಬಂದಿತ್ತೇ? ಡೆಂಗಿಯಾಗಿ ಎರಡು-ಮೂರು ತಿಂಗಳ ನಂತರ ನನ್ನ ಕೂದಲು ಹಿಡಿಹಿಡಿಯಾಗಿ ಉದುರಿತ್ತು. ತಲೆಯ ಚರ್ಮದಲ್ಲಿ ಯಾವ ದೋಷವೂ ಇರಲಿಲ್ಲ, ತಾನಾಗಿಯೇ ಮತ್ತೆ ಬೆಳೆಯಿತು. ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಉತ್ತರ (ಹುಬ್ಬಳ್ಳಿ): ಔಷಧಿ ಹಚ್ಚದ ದಿನವೂ ಉರಿಯುತ್ತದೆಯೇ? ಬೋಳಾದ ಜಾಗ ನುಣುಪಾಗಿ ಹೊಳೆಯುತ್ತಿದೆಯೇ, ಅದರ ಅಂಚಿನ ಕೂದಲ ಬುಡದಲ್ಲಿ ಕೆಂಪು ಇದೆಯೇ? ಹಾಗಿದ್ದರೆ ತಡಮಾಡಬೇಡಿ. ನಮ್ಮ ಚಿಕ್ಕಮ್ಮನಿಗೆ ಹೀಗಿದ್ದು, ಬಯಾಪ್ಸಿಯಲ್ಲಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ಲೈಕನ್ ಪ್ಲಾನೊಪಿಲಾರಿಸ್ ಎಂಬ ಕಾಯಿಲೆ ಎಂದು ತಿಳಿಯಿತು. ಅದರಲ್ಲಿ ಕೂದಲ ಬುಡವೇ ಗಾಯಗೊಂಡು ಮುಚ್ಚಿಹೋಗುತ್ತದೆ, ಅಲ್ಲಿ ಮತ್ತೆ ಕೂದಲು ಬರುವುದಿಲ್ಲ. ಚಿಕಿತ್ಸೆಯಿಂದ ಉಳಿದದ್ದನ್ನು ಕಾಪಾಡಿಕೊಂಡರು. ಬೈತಲೆಯನ್ನು ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ ಯಾರಿಂದಲಾದರೂ ಇವತ್ತೇ ನೋಡಿಸಿ.