ಮನೆಯಿಂದ ದುಡಿಯುವವರು ಯೋಗಕ್ಷೇಮ ಕಾರ್ಯಕ್ರಮಗಳಿಗೆ ಏಕೆ ಬರುತ್ತಿಲ್ಲ?

ಪ್ರಶ್ನೆ (ಹಿಂಜವಡಿ, ಪುಣೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ನೌಕರರ ಯೋಗಕ್ಷೇಮದ ಹೊಣೆ ನನ್ನದು. ನಮ್ಮ 140 ಸಹೋದ್ಯೋಗಿಗಳು ಸೊಲ್ಲಾಪುರ, ಅಕ್ಕಲಕೋಟೆ, ಕೊಲ್ಹಾಪುರ, ಬೆಳಗಾವಿಗಳಲ್ಲಿ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಾರೆ. ಬುಧವಾರ ಬೆಳಿಗ್ಗೆ 8 ಗಂಟೆಗೆ ಆನ್‌ಲೈನ್ ಯೋಗ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಉಚಿತ ಆಪ್ತಸಮಾಲೋಚನೆ ಎಲ್ಲವೂ ಇವೆ. ಆದರೂ ಕಳೆದ ಬುಧವಾರ ಯೋಗಕ್ಕೆ ಬಂದವರು ಒಂಬತ್ತು ಜನ, ಅವರಲ್ಲಿ ಏಳು ಜನ ಪುಣೆಯವರೇ. ಹಾಜರಾತಿಯನ್ನು ಕಡ್ಡಾಯ ಮಾಡಿ ಎಂದು ಮೇಲಿನವರು ಹೇಳುತ್ತಿದ್ದಾರೆ. ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ. ಅನುಭವ ಇದ್ದವರು ದಾರಿ ತೋರಿಸಬೇಕು.

ಉತ್ತರ 1 (ಅಕ್ಕಲಕೋಟೆ)

ಮೇಡಂ, ನಾನೂ ಪುಣೆಯ ಕಂಪನಿಯೊಂದಕ್ಕೆ ಮೂರು ವರ್ಷಗಳಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಎಂಟು ಗಂಟೆ ಎಂದರೆ ನಮ್ಮ ಓಣಿಯಲ್ಲಿ ನಲ್ಲಿ ನೀರು ಬರುವ ಹೊತ್ತು, ಮಗನನ್ನು ಶಾಲೆಗೆ ಕಳಿಸುವ ಹೊತ್ತು. ಎರಡು ಕೋಣೆಯ ಮನೆಯಲ್ಲಿ ಅತ್ತೆ ಮಾವನವರ ಎದುರಿಗೆ ಕ್ಯಾಮೆರಾ ಹಾಕಿಕೊಂಡು ಯೋಗ ಮಾಡುವುದು ನನ್ನಿಂದ ಆಗದ ಮಾತು. ತಪಾಸಣೆಯ ಕೂಪನ್ ಪುಣೆಯ ಲ್ಯಾಬಿನಲ್ಲಿ ಮಾತ್ರ ನಡೆಯುತ್ತದೆ ಎಂದಾಗ, ಒಂದು ದಿನದ ರಜೆ ಹಾಕಿ ಅಷ್ಟು ದೂರ ಹೋಗುವವರು ಯಾರು? ಒಮ್ಮೆ ಆಪ್ತಸಮಾಲೋಚನೆಗೆ ಫೋನ್ ಮಾಡಿದ್ದೆ. ಮನೆಯವರಿಗೆ ಕೇಳಿಸದಿರಲೆಂದು ಮಾಳಿಗೆ ಹತ್ತಿ, ಒಣಹಾಕಿದ ಶೇಂಗಾದ ಪಕ್ಕ ಕುಳಿತು, ಅತ್ತೆಯವರ ಕಾಯಿಲೆಯಿಂದ ನನಗಾಗುತ್ತಿದ್ದ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಲು ತಡಕಾಡಿ, ಅರ್ಧಕ್ಕೇ ಫೋನ್ ಇಟ್ಟುಬಿಟ್ಟೆ. ಕನ್ನಡದಲ್ಲೋ ಮರಾಠಿಯಲ್ಲೋ ಮಾತನಾಡುವವರು ಸಿಕ್ಕಿದ್ದರೆ ಮತ್ತೆ ಫೋನ್ ಮಾಡುತ್ತಿದ್ದೆ.

ಉತ್ತರ 2 (ಆಪ್ತಸಮಾಲೋಚಕ, ಕೋಥರೂಡ್)

ಕಡ್ಡಾಯ ಮಾಡಿದರೆ ಹೆಸರು ನೋಂದಣಿಯಾಗುತ್ತದೆ, ನಂಬಿಕೆ ಹೋಗುತ್ತದೆ. ನನ್ನ ಬಳಿ ಬರುವ ನೌಕರರು ಮೊದಲು ಕೇಳುವುದೇ "ಇದು ಮ್ಯಾನೇಜರಿಗೆ ಗೊತ್ತಾಗುತ್ತದೆಯೇ?" ಎಂದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಕಲಮು ಮಾನಸಿಕ ಅಸ್ವಸ್ಥರಿಗೆ ಗೌಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಕಾಯಿಲೆಯ ಹಂತಕ್ಕೆ ಹೋಗದವರಿಗೂ ಅದೇ ಭರವಸೆಯನ್ನು ತಾವು ಲಿಖಿತವಾಗಿ ಕೊಡಿ, ಕಂಪನಿಗೆ ಬರುವ ವರದಿಯಲ್ಲಿ ಸಂಖ್ಯೆಯ ಹೊರತು ಹೆಸರು ಇರಬಾರದು. ಭಾಷೆಯ ತೊಡಕಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡ ಮರಾಠಿ ಎರಡರಲ್ಲೂ ಸಿಗುತ್ತದೆ.

ಇನ್ನೊಂದು ಮಾತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿದವು. ರಾತ್ರಿ ಹತ್ತಕ್ಕೆ ಮೀಟಿಂಗ್ ಇಟ್ಟು ಬೆಳಿಗ್ಗೆ ಎಂಟಕ್ಕೆ ಯೋಗಕ್ಕೆ ಕರೆದರೆ ಯಾರು ತಾನೆ ಬಂದಾರು?

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬೇರೆ ಊರಿನವರಿಗೆ ಯಾವ ಹೊತ್ತು ಅನುಕೂಲ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಈ ವಾರದಿಂದ ದಿನಕ್ಕೆ ಹತ್ತು ಜನರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ. ತಪಾಸಣೆಯನ್ನು ಅವರವರ ಊರಿನ ಲ್ಯಾಬಿನಲ್ಲಿ ಮಾಡಿಸಿ ಬಿಲ್ ಕೊಟ್ಟರೆ ಹಣ ಕೊಡುವಂತೆ ಅಕೌಂಟ್ಸ್ ವಿಭಾಗಕ್ಕೆ ಇವತ್ತೇ ಪತ್ರ ಬರೆದಿದ್ದೇನೆ. ರಾತ್ರಿ ಮೀಟಿಂಗುಗಳನ್ನು ನಿಲ್ಲಿಸುವಂತೆ ಮ್ಯಾನೇಜರುಗಳನ್ನು ಒಪ್ಪಿಸಿದವರು ಇಲ್ಲಿ ಯಾರಾದರೂ ಇದ್ದರೆ, ಹೇಗೆ ಒಪ್ಪಿಸಿದಿರಿ ಎಂದು ದಯವಿಟ್ಟು ಬರೆಯಿರಿ.