ಹಳೆಯ ಜಿಐ ಪೈಪಿಗೆ ಹೊಸ ಸಿಪಿವಿಸಿ ಸೇರಿಸುವ ಬಗ್ಗೆ

ಅಕ್ಕ, ಸೋಲಾರ್‌ನಿಂದ ಇಳಿಯುವ ಹೊಸ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪನ್ನು ಬಚ್ಚಲುಮನೆ ಗೋಡೆಯಲ್ಲಿರುವ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹೇಗೆ ಸೇರಿಸಬೇಕೆಂದು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದಿರಿ. ಪೈಪಿನ ಬಾಯಿಯನ್ನು ಬೆಂಕಿಗೆ ಹಿಡಿದು ಹಿಗ್ಗಿಸಿ, ಕಬ್ಬಿಣದ ಮೇಲೆ ತೂರಿಸಿ, ಸೊಲ್ಯೂಷನ್ (ಪೈಪ್ ಅಂಟು) ಹಚ್ಚಿಕೊಡುವುದಾಗಿ ಪ್ಲಂಬರ್ ಹೇಳಿದರೆಂದೂ ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ಸೊಲ್ಯೂಷನ್ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಮೆದುವಾಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಕಬ್ಬಿಣದ ಮೇಲೆ ಅದಕ್ಕೆ ಬೆಸೆಯಲು ಏನೂ ಸಿಗುವುದಿಲ್ಲ. ಸಾಲದ್ದಕ್ಕೆ, ಬಿಸಿನೀರು ಹರಿದಾಗ ಸಿಪಿವಿಸಿ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುವುದರಿಂದ, ದಿನವೂ ಹಿಗ್ಗಿ ಕುಗ್ಗುವ ಆ ಜೋಡಣೆ ಬೇಗನೆ ಸಡಿಲವಾಗುತ್ತದೆ.

ಇಂತಹ ಕಡೆ ಹಿತ್ತಾಳೆ ಥ್ರೆಡ್ (ತಿರುಪು) ಇರುವ ಸಿಪಿವಿಸಿ ಫಿಟ್ಟಿಂಗನ್ನೇ ಹಾಕಿಸಬೇಕು. ಗೋಡೆಯಲ್ಲಿರುವ ಜಿಐ ತುದಿಯ ಹೊರಗಡೆ ಥ್ರೆಡ್ ಇದ್ದರೆ ಹಿತ್ತಾಳೆಯ ಎಫ್‌ಟಿಎ, ಅಂದರೆ ಒಳಗಡೆ ಥ್ರೆಡ್ ಇರುವ ಅಡಾಪ್ಟರ್ ಬೇಕು. ಎಲ್ಬೋ ಅಥವಾ ಸಾಕೆಟ್ಟಿನ ಒಳಗಡೆ ಥ್ರೆಡ್ ಇದ್ದರೆ ಹಿತ್ತಾಳೆಯ ಎಂಟಿಎ, ಅಂದರೆ ಹೊರಗಡೆ ಥ್ರೆಡ್ ಇರುವ ಅಡಾಪ್ಟರ್ ಬೇಕು. ನಮ್ಮ ಮನೆಯಲ್ಲಿ ಹಣ ಉಳಿಸಲು ಪೂರ್ತಿ ಪ್ಲಾಸ್ಟಿಕ್ಕಿನ ಎಫ್‌ಟಿಎಯನ್ನು ಜಿಐ ನಿಪ್ಪಲ್ಲಿಗೆ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪಿಗೆ) ಪೈಪ್ ವ್ರೆಂಚಿನಲ್ಲಿ ಬಿಗಿದಿದ್ದರು. ಕಬ್ಬಿಣದ ಥ್ರೆಡ್ ತುದಿಯಿಂದ ಹಿಂದಕ್ಕೆ ದಪ್ಪವಾಗುತ್ತಾ ಹೋಗುವುದರಿಂದ ಬಿಗಿದಷ್ಟೂ ಬೆಣೆಯಂತೆ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಕೆಲವು ತಿಂಗಳ ನಂತರ ಟೈಲ್ಸ್ ಸಂದಿನಲ್ಲಿ ಒದ್ದೆ ಕಾಣಿಸಿ ಗೋಡೆ ಒಡೆಸಿದಾಗ, ಫಿಟ್ಟಿಂಗಿನ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರ ತುಂಬ ಸಾಲುಗಟ್ಟಿದ ನೀರಿನ ಹನಿಗಳು ಕಂಡವು.

ಕೆಲಸದ ಕ್ರಮವೂ ಮುಖ್ಯ. ಜಿಐ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆಸಿ, ಒಳಬಾಯಿಗೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಮುಕ್ಕಾಲು ಇಂಚಿನ ಪೈಪು ಉಪ್ಪುಗಟ್ಟಿ ಬೆರಳು ತೂರದಷ್ಟು ಕಿರಿದಾಗಿರುವುದನ್ನು ನಾನು ಕಂಡಿದ್ದೇನೆ. ಹಾಗಿದ್ದರೆ ಆ ತುಂಡನ್ನೇ ಬದಲಾಯಿಸುವುದು ಒಳ್ಳೆಯದು. ಹೊರಗಡೆ ಇರುವ ಥ್ರೆಡ್ಡಿನ ಮೇಲೆ, ಅದರ ತುದಿಯನ್ನು ನಮ್ಮತ್ತ ಹಿಡಿದು ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೆಫ್ಲಾನ್ ಟೇಪು ಸುತ್ತಿಸಿ. ಎಣ್ಣೆ ಬೆರೆತ ಪೇಸ್ಟನ್ನು ಸಿಪಿವಿಸಿ ಹತ್ತಿರ ತರಬೇಡಿ, ಅದು ಪ್ಲಾಸ್ಟಿಕ್ಕನ್ನು ಹಾಳುಮಾಡಬಹುದು. ಮೊದಲು ಫಿಟ್ಟಿಂಗನ್ನು ಜಿಐಗೆ ತಿರುಗಿಸಿ ಬಿಗಿದು, ಆಮೇಲಷ್ಟೇ ಅದಕ್ಕೆ ಸಿಪಿವಿಸಿ ಪೈಪನ್ನು ಸೊಲ್ಯೂಷನ್ ಹಚ್ಚಿ ಕೂರಿಸಬೇಕು. ಆ ಜಾಗದಲ್ಲಿ ಒಂದು ಯೂನಿಯನ್ (ಬಿಚ್ಚಿ ಮತ್ತೆ ಬಿಗಿಯಬಹುದಾದ ಫಿಟ್ಟಿಂಗ್) ಹಾಕಿಸಿದರೆ ಮುಂದೆ ಬಿಚ್ಚುವುದಕ್ಕೂ ಅನುಕೂಲವಾಗುತ್ತದೆ.

ಭಾವನವರು ತಾರಸಿಯಲ್ಲಿ ಉಳಿದಿರುವ ಬಿಳಿ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್) ಪೈಪನ್ನೂ ಇದಕ್ಕೆ ಬಳಸಬಹುದೇ ಎಂದು ಕೇಳಿದ್ದಾರೆ. ಬಿಸಿನೀರಿನ ಲೈನಿಗೆ ಬೇಡ. ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದುಕೊಳ್ಳುತ್ತದೆ, ಯುಪಿವಿಸಿ ಅದಕ್ಕಿಂತ ಬಹಳ ಮೊದಲೇ ಮೆದುವಾಗುತ್ತದೆ. ಎರಡನ್ನೂ ಅಂಗಡಿಯಲ್ಲಿ ಮುಕ್ಕಾಲು ಇಂಚು ಎಂದೇ ಕರೆದರೂ ಸಿಪಿವಿಸಿಯ ಹೊರ ಅಳತೆ 22.2 ಮಿಲಿಮೀಟರ್, ಯುಪಿವಿಸಿಯದು 26.7 ಮಿಲಿಮೀಟರ್. ಒಂದರ ಫಿಟ್ಟಿಂಗಿನಲ್ಲಿ ಇನ್ನೊಂದು ಕೂರುವುದಿಲ್ಲ, ಸೊಲ್ಯೂಷನ್ ಕೂಡ ಬೇರೆ ಬೇರೆ.

ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ನೀರು ಬಿಟ್ಟು ನಲ್ಲಿಗಳನ್ನೆಲ್ಲ ಮುಚ್ಚಿ, ಜೋಡಣೆಯ ಕೆಳಗೆ ಒಣ ಪೇಪರ್ ಇಟ್ಟು ಸಂಜೆಯವರೆಗೆ ನೋಡಿ. ಅಲ್ಲಿಯವರೆಗೆ ಸಿಮೆಂಟು ಮೆತ್ತಲು ಬಿಡಬೇಡಿ. ಗೋಡೆಯಲ್ಲಿರುವ ಜಿಐ ತುದಿಯ ಫೋಟೊವನ್ನು ಹತ್ತಿರದಿಂದ ತೆಗೆದು ಇಂದೇ ಕಳುಹಿಸಿದರೆ, ಎಂಟಿಎ ಬೇಕೋ ಎಫ್‌ಟಿಎ ಬೇಕೋ ಎಂದು ನೋಡಿ ಹೇಳುತ್ತೇನೆ.